ಬಿಳಿ ಹೂವಿಗೆ ಬಿಳಿ ಬಣ್ಣ ಬೇಕೇ?

ಓದುಗರೊಬ್ಬರ ಪತ್ರ: "ನಾಲ್ಕು ವರ್ಷಗಳಿಂದ ವಸಂತ ಬಂತೆಂದರೆ ಬಣ್ಣದ ಪೆಟ್ಟಿಗೆ ಹಿಡಿದು ತೋಟಕ್ಕೆ ಹೋಗುತ್ತೇನೆ. ಕೂರುವಾಗಿನ ಹುಮ್ಮಸ್ಸು ಏಳುವಾಗ ಇರುವುದಿಲ್ಲ. ನಾನು ಬರೆದ ಹೂಮರ ಶುಭಾಶಯ ಪತ್ರದ ಚಿತ್ರದಂತೆ ಕಾಣುತ್ತದೆ. ಇನ್ನೊಂದು ದಿನ ಹೋಗಿ ಮುಗಿಸೋಣವೆಂದರೆ ಹೂವೇ ಉದುರಿರುತ್ತದೆ. ಹೂವು ಗಂಭೀರ ಕಲೆಗೆ ಒದಗುವ ವಸ್ತುವೇ? ಅಥವಾ ಫೋಟೊ ತೆಗೆದು ಮನೆಯಲ್ಲಿ ಕೂತು ಬರೆಯಲೇ?"

ಸಂಪಾದಕರ ಉತ್ತರ: ಪತ್ರದ ಜೊತೆಗಿದ್ದ ಎರಡು ಚಿತ್ರಗಳನ್ನೂ ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ತಪ್ಪು ಹೂವಿನದಲ್ಲ. ನಿಮ್ಮ ಮರದ ಹೂಗಳೆಲ್ಲ ಗುಂಪು ಫೋಟೊಗೆ ನಿಂತವರ ಹಾಗೆ ನಮ್ಮತ್ತಲೇ ಮುಖ ಮಾಡಿವೆ. ಒಂದೊಂದಕ್ಕೂ ಲೆಕ್ಕವಿಟ್ಟಂತೆ ಐದೈದು ಎಸಳು. ಮರದಲ್ಲಿ ಹೀಗಿರುವುದಿಲ್ಲ. ಕೆಲವು ಬೆನ್ನು ತಿರುಗಿಸಿರುತ್ತವೆ, ಕೆಲವು ಇನ್ನೂ ಮೊಗ್ಗು, ಹೆಚ್ಚಿನವು ಒಂದರ ಹಿಂದೊಂದು ಅಡಗಿ ಬರೀ ಬೆಳಕಿನ ಮುದ್ದೆಯಾಗಿ ಕಾಣುತ್ತವೆ. ನೀವು ಬರೆದಿರುವುದು ಹೂವೆಂದರೆ ಹೇಗಿರಬೇಕೆಂದು ನಿಮಗೆ ಮೊದಲೇ ಗೊತ್ತಿದ್ದುದನ್ನು, ಅಂದು ತೋಟದಲ್ಲಿ ಕಂಡದ್ದನ್ನಲ್ಲ.

ಹೂ ಉದುರುತ್ತದೆ ಎಂಬ ದೂರಿಗೆ ಬರೋಣ. ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1888ರ ಫೆಬ್ರುವರಿಯಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ಗೆ ಬಂದಿಳಿದಾಗ ನೆಲದ ಮೇಲೆ ಹಿಮವಿತ್ತು. ಆತ ಮೊದಲು ಕೈಹಾಕಿದ್ದು ತೋಟಕ್ಕಲ್ಲ. ಬಾದಾಮಿಯ ಒಂದು ಕಡ್ಡಿಯನ್ನು ಗಾಜಿನ ಲೋಟದಲ್ಲಿಟ್ಟು ಪುಟ್ಟ ಚಿತ್ರ ಬರೆದ. ಆಮೇಲೆ ಪೀಚ್, ಪ್ಲಮ್, ಪಿಯರ್ ಒಂದೊಂದಾಗಿ ಅರಳಿದವು ನೋಡಿ, ಸುಮಾರು ಒಂದು ತಿಂಗಳಲ್ಲಿ ಹದಿನಾಲ್ಕು ಕ್ಯಾನ್ವಾಸ್! ಅಲ್ಲಿನ ಮಿಸ್ಟ್ರಾಲ್ ಗಾಳಿ ಕ್ಯಾನ್ವಾಸ್ ಇಡುವ ಈಸೆಲನ್ನು ನಿಲ್ಲಗೊಡುತ್ತಿರಲಿಲ್ಲ; ನೆಲಕ್ಕೆ ಗೂಟ ಹೊಡೆದು ಅದನ್ನು ಕಟ್ಟಿದ. ಹೂವು ಕಾಯುವುದಿಲ್ಲ ಎಂಬ ಆತುರವೇ ಆ ಕುಂಚದ ಗೀರುಗಳಲ್ಲಿದೆ. ಎಲ್ಲವನ್ನೂ ತಿದ್ದುವಷ್ಟು ಪುರುಸೊತ್ತು ಸಿಕ್ಕಿದ್ದರೆ ಅವು ಅಷ್ಟು ಚುರುಕಾಗಿರುತ್ತಿದ್ದವೇ? ನನಗಂತೂ ಅನುಮಾನ.

ಎರಡು ವರ್ಷದ ಬಳಿಕ, 1890ರ ಜನವರಿ ಕೊನೆಯಲ್ಲಿ ಆತನ ತಮ್ಮನಿಗೆ ಮಗ ಹುಟ್ಟಿದ. ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದ ವಿನ್ಸೆಂಟ್ ಆ ಕೂಸಿಗೆಂದು ಬಾದಾಮಿ ಹೂವಿನ ಚಿತ್ರ ಬರೆದ. ಅದರಲ್ಲಿ ನೆಲವಿಲ್ಲ, ಬುಡವಿಲ್ಲ. ನೀಲಿ ಆಕಾಶಕ್ಕೆ ಚಾಚಿದ ಟೊಂಗೆಗಳಷ್ಟೇ. ನಿಮ್ಮ ಚಿತ್ರದಲ್ಲಿ ಹುಲ್ಲು, ಬೆಂಚು, ಕಾಲುದಾರಿ, ಬೇಲಿ ಎಲ್ಲವೂ ಇವೆ. ಬಿಡಬೇಕಾದ್ದನ್ನು ಬಿಟ್ಟರೆ ಅರ್ಧ ಶುಭಾಶಯ ಪತ್ರ ಅಲ್ಲೇ ಅಳಿಸಿಹೋಗುತ್ತದೆ. ಆ ಚಿತ್ರ ಮುಗಿಯುತ್ತಿದ್ದಂತೆ ಆತ ಮತ್ತೆ ಕಾಯಿಲೆ ಬಿದ್ದ. ಚೇತರಿಸಿಕೊಳ್ಳುವಷ್ಟರಲ್ಲಿ ಹೂಗಾಲ ಮುಗಿಯುತ್ತ ಬಂದಿತ್ತು. ತನಗೆ ಅದೃಷ್ಟವಿಲ್ಲವೆಂದು ತಮ್ಮನಿಗೆ ಬರೆದ. ಜುಲೈಯಲ್ಲಿ ತೀರಿಕೊಂಡ. ಹೂವು ಹಗುರ ವಸ್ತು ಎನ್ನುವವರು ಆ ಚಿತ್ರವನ್ನು ಇನ್ನೊಮ್ಮೆ ನೋಡಲಿ.

ಇನ್ನು ಬಿಳಿ ಹೂವಿನ ಸಂಗತಿ. ನೀವು ಬಿಳಿಯನ್ನು ಟ್ಯೂಬಿನಿಂದ ಹಿಂಡಿದ್ದೀರಿ. ಜಲವರ್ಣದಲ್ಲಿ ಹಾಳೆಯಷ್ಟು ಬೆಳ್ಳಗಿನದು ಬೇರೇನಿಲ್ಲ. ಹೂವಿನ ಜಾಗ ಖಾಲಿ ಬಿಟ್ಟು ಅದರ ಹಿಂದಿನ ಆಕಾಶವನ್ನೋ ಎಲೆಗತ್ತಲನ್ನೋ ಬರೆಯಿರಿ. ಹೂವು ತಾನಾಗಿ ಮುಂದೆ ಬರುತ್ತದೆ. ನೆರಳಿನಲ್ಲಿರುವ ಬಿಳಿ ಎಸಳನ್ನು ಕಣ್ಣು ಕಿರಿದಾಗಿಸಿ ನೋಡಿ. ತಿಳಿನೀಲಿ, ಬೂದು, ಕೆಲವೊಮ್ಮೆ ಕೆಳಗಿನ ಹುಲ್ಲಿನ ಹಸಿರು ಛಾಯೆ ಕಾಣುತ್ತದೆ. ಬೆಳಕಿನ ಎದುರಿನ ಆಕಾಶಕ್ಕಿಂತ ಬಿಳಿ ಹೂವೇ ಕಪ್ಪಾಗಿ ಕಾಣುವ ಗಳಿಗೆಯೂ ಉಂಟು.

ಗುಲಾಬಿ ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವ್ಯಾನ್ ಗೋ 1890ರ ಮೇ ತಿಂಗಳಲ್ಲಿ ಬರೆದ ಗುಲಾಬಿ ಹೂಗಳು ಇಂದು ಹೆಚ್ಚುಕಡಿಮೆ ಬೆಳ್ಳಗಿವೆ. ಆತ ಬಳಸಿದ ಕೆಂಪು ಬೆಳಕಿಗೆ ಮಾಸುವಂಥದ್ದು. ಅದು ಆತನಿಗೂ ಗೊತ್ತಿತ್ತು. ಕಾಲ ಹೇಗೂ ಮಂಕಾಗಿಸುತ್ತದೆ, ಹಾಗಾಗಿ ಗಾಢವಾಗಿಯೇ ಹಚ್ಚಬೇಕೆಂಬುದು ಅವನ ಲೆಕ್ಕ. ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಬಣ್ಣ ಕೊಳ್ಳುವ ಮುನ್ನ ಟ್ಯೂಬಿನ ಮೇಲೆ ಬೆಳಕು ತಾಳಿಕೆಯ ಗುರುತು ನೋಡಿ. ಕ್ವಿನಾಕ್ರಿಡೋನ್ ಬಣ್ಣಗಳು ಅದಕ್ಕಿಂತ ಬಹುಕಾಲ ನಿಲ್ಲುತ್ತವೆ.

ಫೋಟೊ ಬೇಡ ಎನ್ನಲಾರೆ. ಟೊಂಗೆ ಎಲ್ಲಿ ಕವಲೊಡೆಯಿತು ಎಂಬ ನೆನಪಿಗೆ ಇರಲಿ, ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ. ಬಿಸಿಲಲ್ಲಿರುವ ಬಿಳಿ ಹೂವಿನ ನವಿರು ಛಾಯೆಗಳನ್ನು ಕ್ಯಾಮೆರಾ ಸುಲಭವಾಗಿ ನುಂಗಿಹಾಕುತ್ತದೆ.

ಮುಂದಿನ ವಸಂತಕ್ಕೆ ದೊಡ್ಡ ಹಾಳೆ ಒಯ್ಯಬೇಡಿ. ಅಂಗೈಯಗಲದ ಹತ್ತು ತುಂಡು ಸಾಕು, ಒಂದೊಂದಕ್ಕೆ ಇಪ್ಪತ್ತು ನಿಮಿಷ. ಮರುದಿನ ಹೋಗಿ ಹಳೆಯದನ್ನು ತಿದ್ದಬೇಡಿ, ಹೊಸ ತುಂಡು ತೆಗೆಯಿರಿ. ಹಿಂಬದಿಯಲ್ಲಿ ತಾರೀಖು, ಗಂಟೆ ಬರೆದಿರಲಿ. ಮುಗಿಯದವನ್ನೂ ಕೆಟ್ಟವನ್ನೂ ಸೇರಿಸಿ ಹತ್ತನ್ನೂ ಕಳಿಸಿ. ಚೆನ್ನಾಗಿ ಬಂದದ್ದನ್ನಷ್ಟೇ ಆರಿಸಿ ಕಳಿಸಿದರೆ ನನಗೆ ಏನೂ ತಿಳಿಯುವುದಿಲ್ಲ.