ಸಂಪಾದಕರ ಉತ್ತರ: ಮುದ್ದೆಯ ಪಕ್ಕಕ್ಕೆ ಓವನ್ ತಟ್ಟೆ

ಚಿಕ್ಕಬಳ್ಳಾಪುರದ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಮನೆ ಸೇರುವಾಗ ಏಳೂವರೆ. ಯಜಮಾನರು ಆರೂವರೆಗೇ ಬಂದಿರುತ್ತಾರೆ. ಮಗಳು ಏಳನೇ ತರಗತಿ. ಕೇಕಿಗೆಂದು ತಂದ ಓಟಿಜಿ ಓವನ್ ಬಟ್ಟೆ ಹೊದ್ದು ಕೂತಿದೆ. ಅದರಲ್ಲಿ ಒಂದೇ ತಟ್ಟೆಯಲ್ಲಿ ರಾತ್ರಿ ಅಡುಗೆ ಆಗುತ್ತದೆಂದು ವಿಡಿಯೋಗಳಲ್ಲಿ ತೋರಿಸುತ್ತಾರೆ. ನಾನು ಮಾಡಿದರೆ ತರಕಾರಿ ನೀರು ಬಿಟ್ಟು ಮೆತ್ತಗಾಯಿತು. ಅತ್ತೆಗೆ ಮುದ್ದೆ ಬೇಕೇ ಬೇಕು. ನಮ್ಮ ಮನೆಗೆ ಇದು ಒಗ್ಗುತ್ತದೆಯೇ?"

ಒಗ್ಗುತ್ತದೆ, ಸೋದರಿ. ಆದರೆ ಓವನ್ನಿನಿಂದ ಅಡುಗೆ ಬೇಗ ಆಗುತ್ತದೆಂಬ ಮಾತನ್ನು ನಂಬಬೇಡಿ. ಕಾಯಲು ಹತ್ತು ನಿಮಿಷ, ಬೇಯಲು ಮುಕ್ಕಾಲು ಗಂಟೆ. ಕುಕ್ಕರೇ ಇದಕ್ಕಿಂತ ಚುರುಕು. ಓವನ್ ಉಳಿಸುವುದು ನಿಂತು ಸೋಲುವ ನಿಮ್ಮ ಕಾಲನ್ನು. ಸೌಟು ಆಡಿಸುತ್ತಿರಬೇಕಿಲ್ಲ, ತಳ ಹಿಡಿದೀತೆಂಬ ಚಿಂತೆಯಿಲ್ಲ. ದಿನವೆಲ್ಲ ದುಡಿದು ಬಂದವರಿಗೆ ಅಷ್ಟು ಹೊತ್ತು ಮಗಳ ಪಕ್ಕ ಕೂರಲು ಸಿಗುವುದು ಸಣ್ಣ ಮಾತಲ್ಲ.

ತರಕಾರಿ ಮೆತ್ತಗಾಗಿದ್ದರೆ ತಟ್ಟೆಗೆ ಹೆಚ್ಚು ತುಂಬಿರುತ್ತೀರಿ. ಹೋಳುಗಳಿಂದ ಏಳುವ ಹಬೆಗೆ ಹೋಗಲು ದಾರಿಯಿಲ್ಲದಿದ್ದರೆ ಅದರಲ್ಲೇ ತರಕಾರಿ ಬೇಯುತ್ತದೆ, ಕೆಂಪಗಾಗುವುದಿಲ್ಲ. ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಒರೆಸಿ, ಒಂದೇ ಪದರ ಹರಡಿ, ಹೋಳಿಗೂ ಹೋಳಿಗೂ ನಡುವೆ ಜಾಗ ಬಿಡಿ. 200 ಡಿಗ್ರಿಗೆ ಕಾದ ಮೇಲೆಯೇ ಒಳಗಿಡಿ. ಮೆಣಸಿನ ಪುಡಿಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಕಲಸಿ ಸವರಿ. ಒಣದಾಗಿ ಉದುರಿಸಿದರೆ ಸೀದು ಕಹಿಯಾಗುತ್ತದೆ.

ಇನ್ನು ಅತ್ತೆಯವರ ಮುದ್ದೆ. ಅದು ಒಲೆಯ ಮೇಲೆಯೇ ಆಗಬೇಕು. ಅದರ ಜೊತೆಗೆ ನಂಚಿಕೊಳ್ಳಲು ಓವನ್ನಿನಲ್ಲಿ ಸುಟ್ಟ ಗೊಜ್ಜು ಮಾಡಿ ನೋಡಿ, ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಕೋಲಾರದ ಮಂಡಿಗೆ ರಾಶಿ ರಾಶಿ ಟೊಮೆಟೊ ಬಂದು ದರ ಇಳಿದ ದಿನಗಳಲ್ಲಂತೂ ಕೈಗೆ ಹಗುರ. ಎಂಟು ಹಣ್ಣು ಟೊಮೆಟೊ ಎರಡು ಹೋಳು ಮಾಡಿ ಕೊಯ್ದ ಮೈ ಮೇಲಿರುವಂತೆ ಜೋಡಿಸಿ. ಪಕ್ಕದಲ್ಲಿ ಒಂದು ದೊಡ್ಡ ಬದನೆಕಾಯಿ, ಸೀಳಿದ ಎರಡು ಈರುಳ್ಳಿ, ಸಿಪ್ಪೆ ಸಮೇತ ಒಂದು ಗಡ್ಡೆ ಬೆಳ್ಳುಳ್ಳಿ, ಆರೇಳು ಹಸಿಮೆಣಸಿನಕಾಯಿ. ಬದನೆಕಾಯಿಗೂ ಮೆಣಸಿನಕಾಯಿಗೂ ಚಾಕುವಿನಿಂದ ಚುಚ್ಚಿಡಿ, ಇಲ್ಲದಿದ್ದರೆ ಸಿಡಿಯುತ್ತವೆ. ಮೇಲೆ ಎಣ್ಣೆ, ಉಪ್ಪು. ಕಾಲು ಗಂಟೆಗೆ ಮೆಣಸಿನಕಾಯಿ ತೆಗೆದುಬಿಡಿ. ನಲವತ್ತು ನಿಮಿಷಕ್ಕೆ ಟೊಮೆಟೊ ಅಂಚು ಕಪ್ಪಿಡುತ್ತದೆ, ಬದನೆಕಾಯಿ ಕುಸಿಯುತ್ತದೆ, ಬೆಳ್ಳುಳ್ಳಿ ಹಿಸುಕಿದರೆ ಬೆಣ್ಣೆಯ ಹಾಗೆ ಜಾರಿ ಬರುತ್ತದೆ. ಬದನೆಕಾಯಿ ಸಿಪ್ಪೆ ಬಿಡಿಸಿ, ಎಲ್ಲವನ್ನೂ ಕೊತ್ತಂಬರಿ ಸೊಪ್ಪಿನೊಂದಿಗೆ ಕಿವುಚಿ. ಅಷ್ಟರಲ್ಲಿ ಒಲೆಯ ಮೇಲೆ ಮುದ್ದೆ ಆಗಿರುತ್ತದೆ. ಟೊಮೆಟೊ ಹುಳಿಗೆ ಬರಿಯ ಅಲ್ಯೂಮಿನಿಯಂ ತಟ್ಟೆ ಬೇಡ, ಸ್ಟೀಲಿನದು ಇರಲಿ.

ಮಗಳಿಗೆ ಇನ್ನೊಂದು ದಿನ ಆಲೂಗಡ್ಡೆ, ಕ್ಯಾರೆಟ್, ಹೂಕೋಸು. ಗಟ್ಟಿಯಾದ ಆಲೂಗಡ್ಡೆ, ಕ್ಯಾರೆಟ್ ಮೊದಲು ಒಳಗೆ ಹೋಗಲಿ. ಕಾಲು ಗಂಟೆಯ ನಂತರ ಹೂಕೋಸು, ಕೊನೆಯ ಹತ್ತು ನಿಮಿಷಕ್ಕೆ ಮೊಸರು, ಮಸಾಲೆ ಸವರಿದ ಪನೀರ್. ಮಾಂಸಾಹಾರ ಮಾಡುವ ಮನೆಯಾದರೆ ಫಾರಂ ಕೋಳಿಯ ಕಾಲುಗಳು ಇದೇ ಬಿಸಿಯಲ್ಲಿ 45 ನಿಮಿಷಕ್ಕೆ ಬೇಯುತ್ತವೆ. ಮೂಳೆಯ ಹತ್ತಿರ ಕೊಯ್ದು, ಮಾಂಸ ಕೆಂಪಗಿಲ್ಲವೆಂದು ನೋಡಿಯೇ ಬಡಿಸಿ. ನಾಟಿ ಕೋಳಿಯನ್ನು ಮಾತ್ರ ಓವನ್ನಿಗೆ ಹಾಕಬೇಡಿ. ಅದು ಸಾರಿನಲ್ಲಿ ನಿಧಾನವಾಗಿ ಬೆಂದರೇ ಮೆತ್ತಗಾಗುವುದು, ಒಣ ಬಿಸಿಗೆ ನಾರಾಗುತ್ತದೆ. ಅವರೆಕಾಳೂ ಅಷ್ಟೇ, ನೀರಿಲ್ಲದೆ ಬೇಯುವುದಿಲ್ಲ, ಕುಕ್ಕರಿಗೇ ಬಿಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು: ಓವನ್ನನ್ನು ಮಿಕ್ಸಿಯ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬೇಡಿ. 2,000 ವ್ಯಾಟಿನ ಓವನ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್ಟಿನ ಶಕ್ತಿ 6 ಆಂಪಿಯರ್ ಮಾತ್ರ. ಗೀಸರಿಗೆ ಇರುವಂಥ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಬಿಸಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬೇಗ ಬರುವ ಸೂಚನೆಯಿಲ್ಲದಿದ್ದರೆ ಕೋಳಿಯನ್ನು ಅರೆಬೆಂದ ಹಾಗೇ ಬಿಡದೆ ಒಲೆಗೆ ಬದಲಾಯಿಸಿ.

ಕೊನೆಗೊಂದು ಮಾತು, ಇದು ನಿಮ್ಮ ಯಜಮಾನರಿಗೆ. ಆರೂವರೆಗೆ ಮನೆಯಲ್ಲಿರುವವರು ನೀವು. ತರಕಾರಿ ಹೆಚ್ಚಿ ಎಣ್ಣೆ ಸವರುವುದಕ್ಕೆ ಮಗಳನ್ನು ಕರೆದುಕೊಳ್ಳಿ, ಬಿಸಿ ತಟ್ಟೆ ಎತ್ತುವುದು ಮಾತ್ರ ನಿಮ್ಮ ಕೈಯಲ್ಲಿರಲಿ. ಏಳಕ್ಕೆ ತಟ್ಟೆ ಒಳಗೆ ಹೋದರೆ, ಅವರು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಗೊಜ್ಜು ಕಿವುಚುವುದಷ್ಟೇ ಬಾಕಿ.

– ಸಂಪಾದಕ