ಫೈಬರ್ ಜಾಸ್ತಿ ಮಾಡಿದ್ಮೇಲೆ ಹೊಟ್ಟೆ ಇನ್ನೂ ಕೆಟ್ಟಿದೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಂಗೀಗ ಐದು ತಿಂಗಳು, ಮೊದಲನೇ ಮಗು. ಎತ್ತರ 5 ಅಡಿ 2 ಇಂಚು, ಬಸುರಿ ಆಗೋ ಮುಂಚೆ 58 ಕೆಜಿ ಇದ್ದೆ, ಈಗ 65. ತೂಕ ಜಾಸ್ತಿ ಆಯ್ತು ಅಂತ ಭಯ ಆಗಿ ಒಂದು ವಾರದಿಂದ ರಾತ್ರಿ ಊಟ ಬಿಟ್ಟು ಬರೀ ಸಲಾಡ್, ಗೋಧಿ ಹೊಟ್ಟು ತಿಂತಿದೀನಿ. ಹೊಟ್ಟೆ ಉಬ್ಬರ, ಗ್ಯಾಸ್, ಮೋಷನ್ ಮೊದಲಿಗಿಂತ ಗಟ್ಟಿ. ಏನ್ ತಪ್ಪು ಮಾಡ್ತಿದೀನಿ?

ಉತ್ತರ: ಮೊದಲು ಇವತ್ತು ರಾತ್ರಿ ಊಟ ಮಾಡಿಮ್ಮ. ಗರ್ಭಿಣಿ ಇರೋವಾಗ ತೂಕ ಇಳಿಸೋಕೆ ಹೋಗಬಾರದು, ಎಷ್ಟು ನಿಧಾನವಾಗಿ ಏರ್ತಿದೆ ಅನ್ನೋದನ್ನ ಮಾತ್ರ ನೋಡ್ಕೋಬೇಕು. ನೀವು ಹೇಳಿದ ಎತ್ತರ ತೂಕಕ್ಕೆ ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಸರಿಯಿದೆಯಾ ಅನ್ನೋ ಲೆಕ್ಕ) ಸುಮಾರು 23, ಅಂದ್ರೆ ನಾರ್ಮಲ್, ಹಾಗಿರೋರು ಒಂಬತ್ತು ತಿಂಗಳಲ್ಲಿ ಒಟ್ಟು 11.5ರಿಂದ 16 ಕೆಜಿ ಏರಬಹುದು. ನಿಮ್ಮ 7 ಕೆಜಿ ಸ್ವಲ್ಪ ಬೇಗ ಏರಿದೆ ಅಷ್ಟೇ, ಅದಕ್ಕೆ ಊಟ ಬಿಡೋ ಅಷ್ಟು ಹೆದರ್ಕೋಬೇಡಿ.

ಫೈಬರ್ ಅಂದ್ರೆ ನಾರು ಒಳ್ಳೇದೇ, ನಾನೂ ತಿನ್ನಿ ಅಂತಲೇ ಹೇಳ್ತೀನಿ. ಹೊಟ್ಟೆ ಬೇಗ ತುಂಬುತ್ತೆ, ತುಂಬಾ ಹೊತ್ತು ಹಸಿವಾಗಲ್ಲ, ನೀರಲ್ಲಿ ಕರಗೋ ನಾರು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ, ಹಾಗಾಗಿ ಪದೇ ಪದೇ ಬಾಯಾಡಿಸೋದು ತಾನಾಗೇ ಕಮ್ಮಿ ಆಗುತ್ತೆ. ಆದ್ರೆ ಅದು ಊಟದ ಒಳಗೆ ಇರಬೇಕು, ಊಟದ ಬದಲಿಗೆ ಅಲ್ಲ. ಈ ತಿಂಗಳುಗಳಲ್ಲಿ ಮಗುಗೋಸ್ಕರ ದಿನಕ್ಕೆ ಸುಮಾರು 340 ಕ್ಯಾಲೊರಿ ಜಾಸ್ತಿನೇ ಬೇಕು, ಬರೀ ಸಲಾಡ್‌ನಲ್ಲಿ ಅದೂ ಸಿಗಲ್ಲ, ಪ್ರೋಟೀನೂ ಸಿಗಲ್ಲ.

ಇನ್ನು ನಿಮ್ಮ ಹೊಟ್ಟೆ ವಿಷ್ಯ. ಗರ್ಭಿಣಿಯರಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಕರುಳಿನ ಸ್ನಾಯುನ ಸಡಿಲ ಮಾಡಿ ಎಲ್ಲಾನೂ ನಿಧಾನ ಮಾಡಿರುತ್ತೆ, ಅದರ ಮೇಲೆ ಐರನ್ ಮಾತ್ರೆ ಬೇರೆ. ಅಂಥ ಕರುಳಿಗೆ ಒಂದೇ ಸಲ ಅಷ್ಟೊಂದು ಹೊಟ್ಟು ಹಾಕಿ ನೀರು ಕಮ್ಮಿ ಕುಡಿದ್ರೆ ಅದು ಒಳಗೇ ಗಟ್ಟಿಯಾಗಿ ಕೂರುತ್ತೆ. ಹೊಟ್ಟನ್ನ ಸದ್ಯಕ್ಕೆ ನಿಲ್ಲಿಸಿ. ದಿನಕ್ಕೆ 28 ಗ್ರಾಂ ನಾರು ಗುರಿ ಇಟ್ಕೊಳ್ಳಿ, ಆದ್ರೆ ಎರಡು ಮೂರು ವಾರ ತಗೊಂಡು ನಿಧಾನಕ್ಕೆ ಅಲ್ಲಿಗೆ ಹೋಗಿ, ದಿನಕ್ಕೆ 8ರಿಂದ 10 ಲೋಟ ನೀರು ಕುಡೀರಿ. ಒಂದು ಕಪ್ ಬೇಯಿಸಿದ ಮಸೂರದಲ್ಲೇ ಸುಮಾರು 15 ಗ್ರಾಂ ಇದೆ ಗೊತ್ತಾ, ಸಿಪ್ಪೆ ಸಮೇತ ಒಂದು ಸೇಬಲ್ಲಿ 4 ಗ್ರಾಂ. ಅದೇ ಸೇಬನ್ನ ಜ್ಯೂಸ್ ಮಾಡಿ ಸೋಸಿದ್ರೆ ನಾರೆಲ್ಲ ಸೋಸೋ ಜಾಲರಿಲೇ ಉಳಿಯುತ್ತೆ, ಸಕ್ಕರೆ ಮಾತ್ರ ಲೋಟಕ್ಕೆ ಬರುತ್ತೆ, ಅದಕ್ಕೇ ಹಣ್ಣನ್ನ ಕಚ್ಚಿ ತಿನ್ನಿ ಅಂತ ಎಲ್ಲರಿಗೂ ಹೇಳ್ತಾನೇ ಇರ್ತೀನಿ. ಹೊಟ್ಟು ತೆಗೆಯದ ಧಾನ್ಯ, ಬೇಯಿಸಿದ ತರಕಾರಿ ನಿಮ್ಮ ಈಗಿನ ಹೊಟ್ಟೆಗೆ ಹಸಿ ಸಲಾಡ್‌ಗಿಂತ ಹಗುರ.

ಐರನ್ ಮಾತ್ರೆನ ಹೊಟ್ಟು, ಟೀ, ಕಾಫಿ ಜೊತೆ ತಗೋಬೇಡಿ, ಸರಿಯಾಗಿ ಮೈಗೆ ಹತ್ತಲ್ಲ. ಮೋಷನ್ ಇಷ್ಟರಲ್ಲೂ ಸರಿ ಹೋಗದಿದ್ರೆ ಮಾತ್ರೆನ ನೀವಾಗೇ ನಿಲ್ಲಿಸದೆ ಡಾಕ್ಟರ್ ಹತ್ರ ಕೇಳಿ, ಬೇರೆ ತರದ್ದು ಬರ್ಕೊಡ್ತಾರೆ. ಇನ್ನೊಂದು ವಿಷ್ಯ, ತೂಕ ಕೆಲವೇ ದಿನದಲ್ಲಿ ದಿಢೀರ್ ಅಂತ ಏರಿ ಮುಖ ಕೈ ಊದಿಕೊಂಡ್ರೆ, ತಲೆನೋವು, ಕಣ್ಣು ಮಂಜಾಗೋದು ಇದ್ರೆ ಅದು ಬಿಪಿ ಇರಬಹುದು, ಮುಂದಿನ ಚೆಕಪ್‌ವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.