ಐದಕ್ಕೇ ಏಳಬೇಕಾ ಡಾಕ್ಟ್ರೇ?

(ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತರಾದ ವೈದ್ಯೆ)

ಪ್ರಶ್ನೆ: ನನಗೆ 38 ವರ್ಷ. ಇಬ್ಬರು ಮಕ್ಕಳು, ಶಾಲೆಯಲ್ಲಿ ಕೆಲಸ. ಐದಕ್ಕೆದ್ದು ಯೋಗ, ಧ್ಯಾನ, ವಾಕಿಂಗ್ ಎಂದು ಯುಗಾದಿಯಿಂದೀಚೆಗೆ ಮೂರು ಸಲ ಶುರು ಮಾಡಿದೆ. ಪ್ರತಿಸಲವೂ ನಾಲ್ಕನೇ ದಿನಕ್ಕೆ ಮುಗಿಯಿತು. ಈಗ ಮತ್ತೆ ಏಳಕ್ಕೆ ಗಡಿಬಿಡಿಯಲ್ಲಿ ಎದ್ದು, ಮಕ್ಕಳ ಮೇಲೆ ಕೂಗಾಡಿ, ತಿಂಡಿ ಬಿಟ್ಟು ಬಸ್ಸಿಗೆ ಓಡುತ್ತೇನೆ. ನನಗೆ ಮನೋಬಲವೇ ಇಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಏಳುವ ವಿಷಯ ಇಷ್ಟೆಲ್ಲ ಬರೆದವರು ಮಲಗುವುದು ಎಷ್ಟಕ್ಕೆ ಎಂದು ಬರೆದೇ ಇಲ್ಲವಲ್ಲ! ಊಹಿಸುತ್ತೇನೆ. ಹನ್ನೊಂದಕ್ಕೆ ಅಡುಗೆಮನೆ ಒರೆಸಿ, 'ಈಗಾದರೂ ನನ್ನ ಹೊತ್ತು' ಎಂದು ಹನ್ನೆರಡರ ತನಕ ಫೋನು. ಆಮೇಲೆ ಐದಕ್ಕೆ ಅಲಾರಂ. ದೊಡ್ಡವರಿಗೆ ಏಳು ತಾಸಿನ ನಿದ್ದೆಯಾದರೂ ಬೇಕು. ನಾಲ್ಕನೇ ದಿನ ನಿಮ್ಮ ಮೈ ಮುಷ್ಕರ ಹೂಡಿದ್ದು ನ್ಯಾಯವಾಗಿಯೇ ಇದೆ.

ಬುದ್ಧಿ ಹೇಳುವ ಮುಂಚೆ ನನ್ನ ಕಥೆ ಕೇಳಿ. ತೌರುಮನೆಯಲ್ಲಿ 6.55ಕ್ಕೆ ರೇಡಿಯೋದಲ್ಲಿ ಸಂಸ್ಕೃತ ವಾರ್ತೆ ಶುರುವಾಗುವುದರೊಳಗೆ ಎಲ್ಲರ ಸ್ನಾನ ಆಗಿರಬೇಕಿತ್ತು. ವಾರ್ತೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅದು ನಮ್ಮ ಗಡಿಯಾರ ಅಷ್ಟೆ. ನಿವೃತ್ತಿಯಾದದ್ದೇ ನನಗೆ ರೇಡಿಯೋನೂ ಇಲ್ಲ, ಡ್ಯೂಟಿನೂ ಇಲ್ಲ. ಏಳುವುದು ಎಂಟೂವರೆಗೆ, ತಿಂಡಿ ಹನ್ನೊಂದಕ್ಕೆ, ಮಧ್ಯಾಹ್ನ ಎರಡು ತಾಸು ನಿದ್ದೆ, ರಾತ್ರಿ ಒಂದರವರೆಗೆ ಸೂರು ನೋಡುತ್ತ ಮಲಗುವುದು. ಆರು ತಿಂಗಳಲ್ಲಿ ನಾನು ಎಂಥ ಸಿಡುಕಿಯಾಗಿದ್ದೆನೆಂದರೆ ಹಾಲಿನವನು ಗೇಟಿನಲ್ಲೇ ಪಾಕೀಟು ಇಟ್ಟು ಓಡುತ್ತಿದ್ದ.

ನಾನು ಐದರ ಹುಚ್ಚಿಗೆ ಬೀಳಲಿಲ್ಲ. ಆರೂವರೆ ಎಂದು ಗೆರೆ ಹಾಕಿಕೊಂಡೆ, ಭಾನುವಾರವೂ ಅದೇ. ಫೋನನ್ನು ರಾತ್ರಿ ಹಜಾರದಲ್ಲಿ ಬಿಟ್ಟೆ, ಅಲಾರಂ ನಿಲ್ಲಿಸಬೇಕಾದರೆ ಎದ್ದು ಹೋಗಲೇಬೇಕು. ಎದ್ದ ಮೇಲೆ ಒಂದೇ ಕೆಲಸ. ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದು, ದಾಸವಾಳಕ್ಕೆ ನೀರು ಹಾಕಿ, ಕಾಲು ಗಂಟೆ ಅಲ್ಲೇ ನಿಲ್ಲುವುದು. ಯೋಗ ಇಲ್ಲ, ಧ್ಯಾನವೂ ಇಲ್ಲ.

ಅಂಗಳವೇ ಏಕೆ? ನಮ್ಮ ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ಕೆಲವು ಜೀವಕೋಶಗಳ ಮುಖ್ಯ ಕೆಲಸ ನೋಡುವುದಲ್ಲ, ಬೆಳಕು ಎಷ್ಟಿದೆ ಎಂದು ಮಿದುಳಿನ ಗಡಿಯಾರಕ್ಕೆ ವರದಿ ಕೊಡುವುದು. ಹೆಚ್ಚಿನವರಲ್ಲಿ ಆ ಗಡಿಯಾರ 24 ಗಂಟೆಗಿಂತ ತುಸು ನಿಧಾನ. ದಿನಾ ಬೆಳಗಿನ ಬೆಳಕು ಅದರ ಮುಳ್ಳನ್ನು ಮುಂದಕ್ಕೆ ತಳ್ಳದಿದ್ದರೆ ರಾತ್ರಿಯ ನಿದ್ದೆಯೂ ತಡವಾಗುತ್ತ ಹೋಗುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕು. ಹೊರಗೆ ಮಳೆಗಾಲದ ಮೋಡವಿದ್ದರೂ ಸಾವಿರಗಟ್ಟಲೆ. (ಈ ಒಳಗಡಿಯಾರದ ಯಂತ್ರವನ್ನು ಬಿಚ್ಚಿಟ್ಟವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಅವರಿಗೆ ಗುಟ್ಟು ಬಿಟ್ಟುಕೊಟ್ಟದ್ದು ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣುನೊಣ!)

ಮೊದಲ ಎರಡು ವಾರ ಏನೂ ಆಗಲಿಲ್ಲ. ಹಗಲಿಡೀ ತೂಕಡಿಕೆ, ಅಷ್ಟೆ. ಮೂರನೇ ವಾರ ರಾತ್ರಿ ಹತ್ತೂವರೆಗೆ ತಾನಾಗಿಯೇ ಆಕಳಿಕೆ ಬಂತು. ಇನ್ನಷ್ಟು ದಿನಕ್ಕೆ ಎಂಟು ಗಂಟೆಗೆ ಹಸಿವು. ತಿಂಡಿ ಹೊತ್ತಿಗೆ ಸರಿಯಾಗಿ ಆದದ್ದಕ್ಕೋ ಏನೋ, ಸಂಜೆಯ ಚಕ್ಕುಲಿ ಡಬ್ಬ ತಿಂಗಳ ಕೊನೆಯವರೆಗೂ ಬಂತು. ಮಧ್ಯಾಹ್ನದ ನಿದ್ದೆ ಯಾವಾಗ ಬಿಟ್ಟುಹೋಯಿತೋ ಗೊತ್ತೇ ಆಗಲಿಲ್ಲ. ಮೂರು ತಿಂಗಳ ಮೇಲೆ ಒಂದು ದಿನ ನಮ್ಮ ಯಜಮಾನರು, 'ಈಗೀಗ ಬೆಳಿಗ್ಗೆ ಮಾತಾಡಿಸಿದರೆ ನೀನು ಉತ್ತರ ಕೊಡ್ತೀಯ' ಎಂದರು.

ಆದ್ದರಿಂದ 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನದಲ್ಲಿ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕೆಂದು ಕಂಡಿತು. ಕೆಲವರಿಗೆ 18 ದಿನವಾದರೆ, ಇನ್ನು ಕೆಲವರಿಗೆ 254ರ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ ಎಂಬುದೂ ಅಲ್ಲೇ ಕಂಡದ್ದು. ನೀವು ನಾಲ್ಕನೇ ದಿನ ತಪ್ಪಿದ್ದು ದೊಡ್ಡದಲ್ಲ, ಐದನೇ ದಿನ ಕೈಬಿಟ್ಟಿರಲ್ಲ, ಅದಕ್ಕೆ ನನ್ನ ತಕರಾರು.

ಈಗ ಏಳಕ್ಕೆ ಏಳುತ್ತೀರಲ್ಲ, ಎರಡು ವಾರ 6.40 ಮಾಡಿ, ಆಮೇಲೆ 6.20. ಅಲ್ಲಿಗೆ ಸಾಕು. ಜನವರಿಯಲ್ಲಿ ನಿಮ್ಮೂರಿನಲ್ಲಿ ಸೂರ್ಯನೇ ಏಳುವುದು ಆರೂಮುಕ್ಕಾಲರ ಮೇಲೆ. ಸಂಜೆ ನಾಲ್ಕರ ನಂತರ ಕಾಫಿ ಬೇಡ, ಐದಾರು ತಾಸು ಕಳೆದರೂ ಅದರ ಅರ್ಧ ಕೆಫೀನು ಮೈಯಲ್ಲೇ ಇರುತ್ತದೆ. ಯೂನಿಫಾರಂ, ಸಾಕ್ಸು, ಮರುದಿನದ ತರಕಾರಿ ರಾತ್ರಿಯೇ ಸಿದ್ಧವಾಗಲಿ. ಬೀನ್ಸ್ ಹೆಚ್ಚುವುದಕ್ಕೆ ಮನೋಬಲ ಬೇಕಿಲ್ಲ, ಮನೆಯ ಯಜಮಾನರು ಸಾಕು. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ!

ಪ್ರಶ್ನೆ: ದಿನಾ ಆರೂವರೆಯಿಂದ ಏಳರವರೆಗೆ ಎಳೆಬಿಸಿಲಿಗೆ ಮೈಯೊಡ್ಡುತ್ತೇನೆ. ಆದರೂ ರಕ್ತಪರೀಕ್ಷೆಯಲ್ಲಿ ಡಿ ವಿಟಮಿನ್ ಕಡಿಮೆ ಬಂತು. ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: ಎಳೆಬಿಸಿಲು ನಿದ್ದೆಗೆ ಒಳ್ಳೆಯದು, ಡಿ ವಿಟಮಿನ್ನಿಗಲ್ಲ. ಚರ್ಮದಲ್ಲಿ ಆ ವಿಟಮಿನ್ ತಯಾರಾಗಲು ಬೇಕಾದ ಅತಿನೇರಳೆ 'ಬಿ' ಕಿರಣಗಳು ಸೂರ್ಯ ಕೆಳಗಿದ್ದಾಗ ವಾತಾವರಣದಲ್ಲೇ ಸೋಸಿಹೋಗುತ್ತವೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾದ ಹೊತ್ತಿನಲ್ಲಿ ತೋಳು, ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಲಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ವರದಿ ನೋಡಿದ ವೈದ್ಯರು ಹೇಳಲಿ.

ಪ್ರಶ್ನೆ: 61 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ. ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಐದು ಕಿಲೋಮೀಟರ್ ನಡೆಯುತ್ತೇನೆ. ಇತ್ತೀಚೆಗೆ ಎರಡು ಸಲ ಕೈ ನಡುಗಿ, ಬೆವರು ಕಿತ್ತುಬಂತು. ಮನೆಯವಳಿಗೆ ಹೇಳಿದರೆ ವಾಕಿಂಗೇ ಬಂದ್ ಮಾಡಿಸುತ್ತಾಳೆ.
– ಓದುಗರೊಬ್ಬರು, ಹಾಸನ

ಉತ್ತರ: ರಕ್ತದ ಸಕ್ಕರೆ ಏಕಾಏಕಿ ಇಳಿದಾಗ ಹೀಗೇ ಆಗುತ್ತದೆ. ಹೃದಯದ ತೊಂದರೆಯಲ್ಲೂ ಬೆವರುವುದುಂಟು, ಹಾಗಾಗಿ ಈ ವಾರವೇ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಊಟ ಬಿದ್ದಿದೆಯೋ ಇಲ್ಲವೋ ನೋಡದೆ ಸಕ್ಕರೆ ಇಳಿಸುತ್ತವೆ. ನಿಮ್ಮದು ಅಂಥದೋ ಎಂದು ಅವರನ್ನು ಕೇಳಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅಲ್ಲಿಯವರೆಗೆ ತಿಂಡಿಯ ನಂತರ ಎರಡೇ ಕಿಲೋಮೀಟರ್ ನಡೆಯಿರಿ, ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ. ನಡುಕ ಬಂದರೆ ತಕ್ಷಣ ಕುಳಿತು ಅದನ್ನು ಬಾಯಿಗೆ ಹಾಕಿಕೊಳ್ಳಿ. ಮತ್ತೆ, ಮನೆಯವರಿಗೆ ಇವತ್ತೇ ಹೇಳಿ. ಆ ಪೊಟ್ಟಣ ಕಟ್ಟಿಕೊಡುವವರು ಅವರೇ ತಾನೆ?